ಎಳೆಯುವ ಮುನ್ನ: ಕಬ್ಬಿನ ಗದ್ದೆಯಲ್ಲೂ ಮೂಳೆ ವಾರ್ಡಿನಲ್ಲೂ ಟ್ರ್ಯಾಕ್ಷನ್ ಲೆಕ್ಕ

ಮಂಡ್ಯ ಸೀಮೆಯಲ್ಲಿ ಟ್ರ್ಯಾಕ್ಷನ್ ಎಂಬ ಮಾತು ಎರಡು ಕಡೆ ಕೇಳಿಬರುತ್ತದೆ. ಕಬ್ಬಿನ ಲೋಡು ಹೊತ್ತ ಟ್ರೈಲರ್ ಗದ್ದೆಯಿಂದ ಮೇಲೆ ಬಾರದೆ ಚಕ್ರ ನಿಂತಲ್ಲೇ ತಿರುಗತೊಡಗಿದಾಗ ಟ್ರ್ಯಾಕ್ಷನ್ ಸಾಲದು ಎನ್ನುತ್ತಾರೆ. ತೊಡೆಮೂಳೆ ಮುರಿದವರ ಕಾಲಿಗೆ ಆಸ್ಪತ್ರೆಯಲ್ಲಿ ಹಗ್ಗ, ರಾಟೆ, ತೂಕ ಕಟ್ಟಿದಾಗ ಟ್ರ್ಯಾಕ್ಷನ್ ಹಾಕಿದ್ದಾರೆ ಎನ್ನುತ್ತಾರೆ. ಎರಡರಲ್ಲೂ ನಡೆಯುವುದು ಎಳೆತ, ಎರಡನ್ನೂ ಆಳುವುದು ಘರ್ಷಣೆ. ಆದರೆ ಗದ್ದೆಯಲ್ಲಿ ಘರ್ಷಣೆ ಇಲ್ಲದಿದ್ದರೆ ಎಳೆತವೇ ಹುಟ್ಟುವುದಿಲ್ಲ. ಹಾಸಿಗೆಯ ಮೇಲೆ ಘರ್ಷಣೆ ಹೆಚ್ಚಿದಷ್ಟೂ ಎಳೆತ ಮೂಳೆಯನ್ನು ತಲುಪುವುದಿಲ್ಲ. ಟ್ರ್ಯಾಕ್ಟರ್ ಓಡಿಸುವವರಿಗೂ ರೋಗಿಯ ಪಕ್ಕದಲ್ಲಿ ಹಗಲಿರುಳು ಕೂರುವ ಮನೆಯವರಿಗೂ ಈ ಒಂದು ವ್ಯತ್ಯಾಸ ಮನದಟ್ಟಾಗಿದ್ದರೆ ಅನೇಕ ಅನಾಹುತಗಳನ್ನು ತಡೆಯಬಹುದೆಂಬ ನಂಬಿಕೆಯಿಂದ ಎರಡನ್ನೂ ಇಲ್ಲಿ ಒಟ್ಟಿಗೆ ವಿವರಿಸಿದ್ದೇನೆ.

ಗದ್ದೆಯ ಲೆಕ್ಕ

ಟ್ರ್ಯಾಕ್ಟರ್ ಕೊಳ್ಳುವವರು ಮೊದಲು ವಿಚಾರಿಸುವುದು ಎಷ್ಟು ಎಚ್‌ಪಿ ಎಂದು. ಆದರೆ ನೆಲದ ಮೇಲೆ ಸಿಗುವ ಎಳೆತವನ್ನು ಕೊನೆಗೆ ನಿರ್ಧರಿಸುವುದು ಎಂಜಿನ್ ಅಲ್ಲ. ಎಂಜಿನ್ ತಿರುಗಿಸುವ ಚಕ್ರಗಳ ಮೇಲೆ ಬೀಳುವ ಭಾರ ಮತ್ತು ಆ ಚಕ್ರಕ್ಕೂ ನೆಲಕ್ಕೂ ನಡುವಿನ ಘರ್ಷಣೆಯ ಪ್ರಮಾಣ, ಇವೆರಡರ ಗುಣಲಬ್ಧ. ಎರಡು ಟನ್ ತೂಕದ, ಹಿಂಚಕ್ರಗಳಷ್ಟೇ ಎಳೆಯುವ ಟ್ರ್ಯಾಕ್ಟರಿನಲ್ಲಿ ಸುಮಾರು 1,300 ಕೆ.ಜಿ. ಭಾರ ಹಿಂಚಕ್ರಗಳ ಮೇಲಿರುತ್ತದೆ ಎಂದುಕೊಳ್ಳೋಣ. ಒಣಗಿದ ಡಾಂಬರಿನ ಮೇಲೆ ಘರ್ಷಣೆಯ ಪ್ರಮಾಣ 0.7ರಷ್ಟು ಇದ್ದರೆ 900 ಕೆ.ಜಿ.ಯಷ್ಟು ಬಲದಿಂದ ಅದು ಎಳೆಯಬಲ್ಲದು, ಗಟ್ಟಿಯಾದ ಒಣನೆಲದಲ್ಲಿ ಇದು 700ರ ಆಸುಪಾಸಿಗೆ ಇಳಿಯುತ್ತದೆ, ಪ್ರಮಾಣ 0.3ಕ್ಕೆ ಬೀಳುವ ಕೆಸರಿನಲ್ಲಿ 400 ಸಿಕ್ಕರೆ ಹೆಚ್ಚು. ಅದಕ್ಕಿಂತ ಹೆಚ್ಚಿನ ಬಲವನ್ನು ಎಂಜಿನ್ ಕೊಟ್ಟರೆ ಚಕ್ರ ಜಾರುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ.

ಇನ್ನು ಎಳೆಯಬೇಕಾದ ಭಾರವನ್ನು ನೋಡಬೇಕು. ಎಂಟು ಟನ್ ತೂಗುವ ಟ್ರೈಲರನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಉರುಳಿಸಲು ಅದರ ತೂಕದ ನೂರಕ್ಕೆ ಎರಡರಷ್ಟು, ಅಂದರೆ 160 ಕೆ.ಜಿ.ಯಷ್ಟು ಬಲ ಸಾಕು. ಅದೇ ಟ್ರೈಲರ್ ಸಡಿಲ ಮಣ್ಣಿನಲ್ಲಿ ಇಳಿದಿದ್ದರೆ ತೂಕದ ಹತ್ತನೇ ಒಂದು ಪಾಲಿಗಿಂತಲೂ ಹೆಚ್ಚು ಬಲ ಬೇಕಾಗುತ್ತದೆ. ಗದ್ದೆಯಿಂದ ನಾಲೆಯ ಏರಿಗೆ ಹತ್ತುವ ದಾರಿ ಹತ್ತಡಿಗೆ ಒಂದಡಿ ಏರುವಂತಿದ್ದರೆ ಆ ಏರೊಂದಕ್ಕೇ ಇನ್ನೂ 800 ಕೆ.ಜಿ. ಸೇರಿಸಬೇಕು. ರಸ್ತೆಯಲ್ಲಿ ಹಗುರವಾಗಿ ಓಡುವ ಗಾಡಿ ಗದ್ದೆಯ ಬಾಯಲ್ಲಿ ಹೂತುಕೊಳ್ಳುವುದಕ್ಕೆ ಕಾರಣ ಇಷ್ಟೇ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಮುಂಗಾರಿನ ದಿನಗಳಲ್ಲೇ ಕಟಾವು ಶುರುವಾಗುವುದುಂಟು. ಆದುದರಿಂದ ಕಟಾವಿಗೆ ಸಾಕಷ್ಟು ಮುಂಚೆಯೇ ಗದ್ದೆಗೆ ನೀರು ನಿಲ್ಲಿಸಿ, ಗಾಡಿ ಹಾಯುವ ದಾರಿಗೆ ಕಬ್ಬಿನ ತರಗು ಹಾಸಿ, ಒಳಗೆ ಅರ್ಧ ಲೋಡು ಮಾತ್ರ ತುಂಬಿ, ಉಳಿದುದನ್ನು ರಸ್ತೆಯ ಅಂಚಿನಲ್ಲಿ ತುಂಬಿಕೊಳ್ಳುವುದು ಹೆಚ್ಚು ಎಚ್‌ಪಿಯ ಗಾಡಿ ತರಿಸುವುದಕ್ಕಿಂತ ಬುದ್ಧಿವಂತಿಕೆಯ ಕೆಲಸ.

ಉಳುಮೆಯಲ್ಲಿ ಚಕ್ರ ಎಷ್ಟು ಜಾರುತ್ತಿದೆ ಎಂಬುದನ್ನು ಕಣ್ಣಂದಾಜಿಗೆ ಬಿಡದೆ ಅಳೆಯುವುದು ಒಳ್ಳೆಯದು. ಹಿಂಚಕ್ರದ ಪಕ್ಕದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆಯಿರಿ. ನೇಗಿಲು ಮಣ್ಣಿನಲ್ಲಿದ್ದು ಕೆಲಸ ನಡೆಯುವಾಗ ಗೆರೆ ನೆಲಕ್ಕೆ ಬಂದ ಜಾಗದಲ್ಲಿ ಒಂದು ಗೂಟ ನೆಟ್ಟು, ಚಕ್ರ ಹತ್ತು ಸುತ್ತು ತಿರುಗಿದ ಜಾಗದಲ್ಲಿ ಇನ್ನೊಂದು ನೆಡಿ. ಬಳಿಕ ನೇಗಿಲನ್ನು ಎತ್ತಿ, ಅದೇ ಗೂಟಗಳ ನಡುವೆ ಟ್ರ್ಯಾಕ್ಟರನ್ನು ಅದೇ ಗೇರಿನಲ್ಲಿ ಓಡಿಸಿ ಸುತ್ತುಗಳನ್ನು ಎಣಿಸಿ. ಎಂಟೂವರೆ ಸುತ್ತಿಗೆ ಆ ದೂರ ಮುಗಿದರೆ ಹತ್ತರಲ್ಲಿ ಒಂದೂವರೆ ಸುತ್ತು ಜಾರಿಕೆಗೆ ಹೋಗಿದೆ ಎಂದರ್ಥ, ಅಂದರೆ ಜಾರಿಕೆ ಶೇಕಡಾ 15. ಹಿಂಚಕ್ರಗಳಷ್ಟೇ ಎಳೆಯುವ ಟ್ರ್ಯಾಕ್ಟರಿಗೆ 10ರಿಂದ 15 ಸರಿಯಾದ ಮಿತಿ. ಅದಕ್ಕಿಂತ ಹೆಚ್ಚಿದರೆ ಡೀಸೆಲ್ಲೂ ಟೈರೂ ಮಣ್ಣಿನ ಪಾಲಾಗುತ್ತವೆ; ತೀರಾ ಕಡಿಮೆಯಿದ್ದರೆ ಬೇಡದ ತೂಕವನ್ನು ಹೊತ್ತು ತಿರುಗುತ್ತಾ ನೆಲವನ್ನು ಅದುಮುತ್ತಿದ್ದೀರಿ ಎಂದು ತಿಳಿಯಬೇಕು. ಜಾರಿಕೆ ಸೊನ್ನೆಯಾಗಬೇಕೆಂದು ಹಂಬಲಿಸುವುದು ತಪ್ಪು, ಏಕೆಂದರೆ ಟೈರಿನ ಗುಬ್ಬಗಳು ಮಣ್ಣನ್ನು ಸ್ವಲ್ಪ ಹಿಂದಕ್ಕೆ ತಳ್ಳಿದಾಗಲೇ ಹಿಡಿತ ಹುಟ್ಟುವುದು.

ಜಾರಿಕೆ ಹೆಚ್ಚಿದ್ದರೆ ಮೊದಲು ಗಾಳಿಯನ್ನು ನೋಡಿ. ರಸ್ತೆಯ ಸಾಗಣೆಗೆಂದು ಬಿಗಿಯಾಗಿ ತುಂಬಿದ ಟೈರು ಗದ್ದೆಯಲ್ಲಿ ಕಡಿಮೆ ಜಾಗವನ್ನು ಮುಟ್ಟುತ್ತದೆ. ತಯಾರಕರ ಪಟ್ಟಿಯಲ್ಲಿ ಉಳುಮೆಗೆಂದು ಹೇಳಿದ ಮಟ್ಟಕ್ಕೆ ಇಳಿಸಬೇಕು, ಮತ್ತೆ ರಸ್ತೆಗಿಳಿಯುವ ಮುನ್ನ ಏರಿಸಬೇಕು. ಅದೂ ಸಾಲದಿದ್ದರೆ ಹಿಂಚಕ್ರಕ್ಕೆ ಬೀಡುಕಬ್ಬಿಣದ ತೂಕ ಹಾಕಬಹುದು ಅಥವಾ ಟೈರಿಗೆ ನೀರು ತುಂಬಬಹುದು. ನೀರು ತುಂಬುವಾಗ ವಾಲ್ವ್ ಮೇಲ್ತುದಿಯಲ್ಲಿರಲಿ. ನೀರು ಆ ಮಟ್ಟಕ್ಕೆ ಬಂದಾಗ ಟೈರಿನ ಮುಕ್ಕಾಲು ಭಾಗ ತುಂಬಿರುತ್ತದೆ, ಅಷ್ಟೇ ಸಾಕು, ಉಳಿದ ಕಾಲು ಭಾಗ ಗಾಳಿಗೆ ಮೀಸಲು. ಭತ್ತದ ಕೆಸರುಗದ್ದೆಗೆ ಕೇಜ್ ವೀಲ್ ಎಂಬ ಕಬ್ಬಿಣದ ಪಂಜರದಂಥ ಚಕ್ರ ಬೇರೆಯೇ ಬೇಕು. ಒಂದು ಚಕ್ರ ಮಾತ್ರ ಜಾರುತ್ತಿದ್ದರೆ ವೇಗ ತಗ್ಗಿಸಿ, ಎರಡೂ ಹಿಂಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಒತ್ತಿ ನೇರವಾಗಿ ಹೊರಬನ್ನಿ. ತಿರುವಿಗೆ ಮುನ್ನ ಅದನ್ನು ಬಿಡದಿದ್ದರೆ ಗಾಡಿ ತಿರುಗುವುದೂ ಇಲ್ಲ, ಗೇರಿನ ಹಲ್ಲುಗಳು ಉಳಿಯುವುದೂ ಇಲ್ಲ.

ಕೊಂಡಿ ಎಲ್ಲಿರಬೇಕು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಇಲ್ಲಿನ ತಪ್ಪಿಗೆ ತೆರಬೇಕಾದ ಬೆಲೆ ಪ್ರಾಣ. ಟ್ರ್ಯಾಕ್ಟರ್ ಭಾರವನ್ನು ಎಳೆಯುವಾಗ ಹಿಂದಿನ ಎಳೆತ ಅದರ ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತದೆ. ಕೊಂಡಿ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಈ ಎತ್ತುವಿಕೆ ಹೆಚ್ಚು. ಆದ್ದರಿಂದ ಸರಪಳಿಯಾಗಲಿ ಟ್ರೈಲರಾಗಲಿ ಟ್ರ್ಯಾಕ್ಟರಿನ ಹಿಂದೆ ತಗ್ಗಿನಲ್ಲಿರುವ ಎಳೆಯುವ ಕಂಬಿಯಾದ ಡ್ರಾಬಾರಿಗೇ ಸೇರಬೇಕು. ಆಕ್ಸಲ್‌ಗಾಗಲಿ, ನೇಗಿಲನ್ನು ಮೇಲಿನಿಂದ ಹಿಡಿಯುವ ಟಾಪ್ ಲಿಂಕಿಗಾಗಲಿ, ಸೀಟಿನ ಕಂಬಿಗಾಗಲಿ ಎಂದೂ ಕಟ್ಟಬಾರದು. ಒಟ್ಟು ತೂಕದಲ್ಲಿ ಐದನೇ ಒಂದು ಪಾಲಾದರೂ ಮುಂಚಕ್ರಗಳ ಮೇಲೆ ಉಳಿದಿದ್ದರೆ ಮಾತ್ರ ಸ್ಟೀರಿಂಗ್ ಕೆಲಸ ಮಾಡುತ್ತದೆ. ಎರಡೇ ಚಕ್ರದ ಟ್ರೈಲರಿನ ಹಿಂಬದಿಗೆ ಹೆಚ್ಚು ಕಬ್ಬು ಪೇರಿಸಿದರೆ ಅದು ಕೊಂಡಿಯನ್ನೇ ಮೇಲಕ್ಕೆ ಎತ್ತಿ ಹಿಂಚಕ್ರದ ಹಿಡಿತವನ್ನು ಕಸಿಯುತ್ತದೆ. ಮುಂಬದಿಗೆ ಹೆಚ್ಚು ಪೇರಿಸಿದರೆ ಮುಂಚಕ್ರಗಳು ಗಾಳಿಯಲ್ಲಿ ತೇಲುತ್ತವೆ. ಏರಿಗೆ ಹತ್ತುವಾಗ ಮುಂಚಕ್ರ ಎದ್ದಿತೆಂದರೆ ಅದು ಸಾಹಸದ ನೋಟವಲ್ಲ, ಲೋಡು ಇಳಿಸಬೇಕೆಂಬ ಎಚ್ಚರಿಕೆ. ಹಿಂದಕ್ಕೆ ಮಗುಚುವ ಟ್ರ್ಯಾಕ್ಟರ್ ಪೂರ್ತಿ ಉರುಳಲು ಒಂದೂವರೆ ಸೆಕೆಂಡು ಸಾಕು. ಕ್ಲಚ್ ಒತ್ತಬೇಕೆಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ಸಮಯ ಮೀರಿರುತ್ತದೆ.

ಹೂತುಕೊಂಡ ಗಾಡಿಯನ್ನು ಬಿಡಿಸಲು ಹಿಂಚಕ್ರಕ್ಕೆ ಮರದ ದಿಮ್ಮಿಯನ್ನು ಸರಪಳಿಯಿಂದ ಬಿಗಿದು ಆಕ್ಸಿಲರೇಟರ್ ಒತ್ತುವ ಪದ್ಧತಿಯುಂಟು. ಇದನ್ನು ಕೂಡಲೇ ನಿಲ್ಲಿಸಬೇಕು. ದಿಮ್ಮಿ ನೆಲಕ್ಕೆ ಕಚ್ಚಿ ಚಕ್ರ ತಿರುಗಲಾರದೆ ನಿಂತಾಗ, ಎಂಜಿನ್ನಿನ ಬಲವೆಲ್ಲ ಟ್ರ್ಯಾಕ್ಟರಿನ ಒಡಲನ್ನೇ ಆಕ್ಸಲ್ ಸುತ್ತ ಮೇಲಕ್ಕೆ ತಿರುಗಿಸಿ ಚಾಲಕನ ಮೇಲೆ ಕೆಡಹುತ್ತದೆ. ಚಕ್ರ ತೋಡುತ್ತಿದೆ ಎಂದು ಕಂಡೊಡನೆ ನಿಲ್ಲಿಸಿ, ಟ್ರೈಲರ್ ಕಳಚಿ, ಚಕ್ರದ ಹಿಂದಿನ ಮಣ್ಣನ್ನು ಸನಿಕೆಯಿಂದ ಇಳಿಜಾರಾಗಿ ಕೆತ್ತಿ, ತರಗು ಅಥವಾ ಹಲಗೆ ಹಾಕಿ, ರಿವರ್ಸ್ ಗೇರಿನಲ್ಲಿ ನಿಧಾನವಾಗಿ ಹಿಂದಕ್ಕೆ ಬರುವುದು ಮೊದಲ ಪ್ರಯತ್ನವಾಗಿರಲಿ. ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದಾದರೆ ಸಡಿಲ ಸರಪಳಿಯನ್ನು ಜಗ್ಗಿಸದೆ ಮೊದಲು ಬಿಗಿಮಾಡಿ ಆಮೇಲೆ ಎಳೆಯಬೇಕು. ಸರಪಳಿಯ ಉದ್ದಕ್ಕಿಂತ ಹತ್ತಿರದಲ್ಲಿ ಯಾರೂ, ಮುಖ್ಯವಾಗಿ ಮಕ್ಕಳು, ನಿಲ್ಲಬಾರದು.

ಚಕ್ರದಿಂದಲೇ ಎಳೆಯುವ ರೈಲಿನ ವಿಷಯವನ್ನೂ ಇಲ್ಲಿಯೇ ಎರಡು ಮಾತಿನಲ್ಲಿ ಹೇಳಬಹುದು. ಮೈಸೂರು–ಬೆಂಗಳೂರು ಮಾರ್ಗದ 25,000 ವೋಲ್ಟಿನ ತಂತಿಯಿಂದ ವಿದ್ಯುತ್ ಪಡೆಯುವ ಎಂಜಿನ್ನಿಗೂ ಚಕ್ರದ ಮೇಲಿನ ಭಾರ ಮತ್ತು ಘರ್ಷಣೆಯ ಇದೇ ನಿಯಮ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆಯಾದ್ದರಿಂದ ಸುಮಾರು 123 ಟನ್ ತೂಗುವ ಡಬ್ಲ್ಯುಎಪಿ-7 ಎಂಜಿನ್ ಹೊರಡುವಾಗ ಎಳೆಯಬಲ್ಲ ಬಲ ಅದರ ತೂಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಹಳಿ ಒದ್ದೆಯಾದಾಗ ಚಕ್ರದ ಮುಂದೆ ಮರಳು ಸುರಿಸುವ ಏರ್ಪಾಟು ಅದಕ್ಕಾಗಿಯೇ ಇದೆ.

ತೊಡೆಮೂಳೆ ಮುರಿದಾಗ

ಟ್ರ್ಯಾಕ್ಟರ್ ಅಪಘಾತದಲ್ಲೋ ಬೈಕಿನಿಂದ ಬಿದ್ದೋ ತೊಡೆಮೂಳೆ ಮುರಿದವರನ್ನು ಕಂಡರೆ ಮೊದಲ ನಿಯಮ, ಕಾಲನ್ನು ಎಳೆದು ನೇರ ಮಾಡಲು ಹೋಗದಿರುವುದು. ತೊಡೆಯ ಬಲವಾದ ಸ್ನಾಯುಗಳು ಸೆಟೆದು ಮುರಿದ ತುದಿಗಳನ್ನು ಒಂದರ ಮೇಲೊಂದು ಏರಿಸಿರುತ್ತವೆ; ತರಬೇತಿಯಿಲ್ಲದ ಕೈ ಜಗ್ಗಿದರೆ ಆ ಚೂಪಾದ ತುದಿ ರಕ್ತನಾಳವನ್ನೋ ನರವನ್ನೋ ಕೊಯ್ಯಬಹುದು. ಚರ್ಮ ಹರಿಯದಿದ್ದರೂ ತೊಡೆಯೊಳಗೆ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಬಲ್ಲದು, ಆದುದರಿಂದ ಕಾಯುವಂತಿಲ್ಲ. ಗಾಯವಿದ್ದರೆ ಶುಭ್ರ ಬಟ್ಟೆ ಮುಚ್ಚಿ, ಎರಡು ಕಾಲುಗಳ ನಡುವೆ ಮಡಿಸಿದ ಟವೆಲ್ ಇಟ್ಟು, ಮುರಿದ ಕಾಲನ್ನು ಸರಿಯಿರುವ ಕಾಲಿಗೆ ಮುರಿತದ ಜಾಗವನ್ನು ಬಿಟ್ಟು ಅಗಲವಾದ ಪಟ್ಟಿಗಳಿಂದ ಕಟ್ಟಿ, 108ಕ್ಕೆ ಕರೆ ಮಾಡಬೇಕು. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇವೆ. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟು ಹಾಕಿಸಿಕೊಂಡು ಎರಡು ದಿನ ನೋಡೋಣ ಎಂದು ಮನೆಯಲ್ಲಿ ಇರಿಸಿಕೊಳ್ಳುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಊತ ಏರುತ್ತಿರುವ ಕಾಲಿಗೆ ಬಿಗಿಕಟ್ಟು ಬಿದ್ದರೆ ರಕ್ತಸಂಚಾರ ನಿಂತು ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು.

ಆಸ್ಪತ್ರೆಯಲ್ಲಿ ಹಾಕುವ ಟ್ರ್ಯಾಕ್ಷನ್ ಆ ಸ್ನಾಯುಗಳ ಸೆಳೆತಕ್ಕೆ ಎದುರಾಗಿ ನಿಧಾನವಾಗಿ, ಎಡೆಬಿಡದೆ ಎಳೆಯುತ್ತದೆ. ಚರ್ಮಕ್ಕೆ ಪಟ್ಟಿ ಅಂಟಿಸಿ ಎಳೆಯುವುದು ಒಂದು ಬಗೆ. ಮೂಳೆಗೆ ಪಿನ್ ತೂರಿಸಿ ಎಳೆಯುವುದು ಇನ್ನೊಂದು ಬಗೆ. ಚರ್ಮ ತಡೆಯುವ ಭಾರಕ್ಕೆ ಮಿತಿಯಿದೆ, ದೊಡ್ಡವರಲ್ಲಿ ಸಾಮಾನ್ಯವಾಗಿ ಸುಮಾರು 5 ಕೆ.ಜಿ.; ಹೆಚ್ಚಾದರೆ ಪಟ್ಟಿ ಜಾರುತ್ತದೆ ಅಥವಾ ಚರ್ಮ ಕಿತ್ತು ಬರುತ್ತದೆ. ಹೆಚ್ಚು ಬಲ, ಹೆಚ್ಚು ದಿನ ಬೇಕಾದಲ್ಲಿ ಪಿನ್ ಅನಿವಾರ್ಯ. 1907ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಟ್ಸ್ ಸ್ಟೈನ್‌ಮನ್ ರೂಪಿಸಿದ ಪಿನ್ ಇಂದಿಗೂ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ರೂಪಿಸಿದ, ಕಾಲನ್ನು ಅಲುಗದಂತೆ ಹಿಡಿಯುವ ಸ್ಪ್ಲಿಂಟನ್ನು ಮೊದಲ ಮಹಾಯುದ್ಧದಲ್ಲಿ ಅವರ ಬಂಧು ರಾಬರ್ಟ್ ಜೋನ್ಸ್ ಬಳಕೆಗೆ ತಂದರು. ತೊಡೆಮೂಳೆ ಮುರಿದ ಸೈನಿಕರ ಪ್ರಾಣ ಉಳಿಸುವಲ್ಲಿ ಅದರ ಪಾಲು ದೊಡ್ಡದು. ಇಂದು ದೊಡ್ಡವರ ತೊಡೆಮೂಳೆಗೆ ಬಹುಪಾಲು ರಾಡ್ ಹಾಕಿ ಬೇಗ ನಡೆಸುತ್ತಾರೆ, ಟ್ರ್ಯಾಕ್ಷನ್ ಶಸ್ತ್ರಚಿಕಿತ್ಸೆಯವರೆಗಿನ ಏರ್ಪಾಟಷ್ಟೇ. ವಯಸ್ಸಾದವರ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆಗೆ ಮುನ್ನ ವಾಡಿಕೆಯಂತೆ ತೂಕ ಕಟ್ಟುವುದರಿಂದ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಅಂಥವರಿಗೆ ಟ್ರ್ಯಾಕ್ಷನ್ ಹಾಕಲಿಲ್ಲವೆಂದು ಮನೆಯವರು ಕಳವಳಪಡಬೇಕಾಗಿಲ್ಲ.

ಹಾಸಿಗೆಯ ಲೆಕ್ಕ

ಎಳೆಯುವ ತೂಕದಲ್ಲಿ ಎಷ್ಟು ಮುರಿತದ ತನಕ ತಲುಪುತ್ತದೆ ಎಂಬುದು ವಾರ್ಡಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ. ಅರವತ್ತು ಕೆ.ಜಿ.ಯ ವ್ಯಕ್ತಿಯಲ್ಲಿ ತೊಡೆಯ ನಡುವಿನಿಂದ ಪಾದದವರೆಗೆ ಒಂದು ಕಾಲು ಆರೂವರೆ ಕೆ.ಜಿ.ಯಷ್ಟು ತೂಗುತ್ತದೆ. ಅದು ಹಾಸಿಗೆಯ ಮೇಲೆ ಬಿದ್ದಿದ್ದು ಘರ್ಷಣೆಯ ಪ್ರಮಾಣ 0.5 ಎಂದು ಹಿಡಿದರೆ, ಕಟ್ಟಿದ 5 ಕೆ.ಜಿ.ಯಲ್ಲಿ ಮೂರು ಕೆ.ಜಿ.ಗೂ ಮಿಕ್ಕ ಪಾಲನ್ನು ಹಾಸಿಗೆಯೇ ನುಂಗುತ್ತದೆ. ಕಾಲನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಎತ್ತಿಡುವುದು, ತೂಗುಪಟ್ಟಿಯಲ್ಲಿ ತೇಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಕೊಡುವುದು ಇದಕ್ಕಾಗಿ. ಹಗ್ಗದ ಗಂಟು ರಾಟೆಗೆ ಸಿಕ್ಕಿಕೊಂಡಿದ್ದರೆ, ಹಗ್ಗ ರಾಟೆಯ ಕೊರಕಲಿನಿಂದ ಹೊರಬಿದ್ದಿದ್ದರೆ, ಕಂಬಳಿ ಹಗ್ಗದ ಮೇಲೆ ಒರಗಿದ್ದರೆ, ಪಾದ ಮಂಚದ ಕಂಬಿಗೆ ತಾಗಿದ್ದರೆ ಅಥವಾ ತೂಕ ನೆಲವನ್ನು ಮುಟ್ಟಿದ್ದರೆ ಎಳೆತ ಅಷ್ಟರಮಟ್ಟಿಗೆ ಸುಳ್ಳಾಗುತ್ತದೆ. ತೂಕಕ್ಕೆ ಇಟ್ಟಿಗೆ ಬಳಸುವ ಕಡೆ ಅದನ್ನು ತೂಗಿಯೇ ಕಟ್ಟಬೇಕು, ಎಲ್ಲ ಇಟ್ಟಿಗೆಗಳೂ ಒಂದೇ ತೂಕದವಲ್ಲ.

ರಾಟೆಯನ್ನೂ ಗಮನಿಸಿ. ಮಂಚಕ್ಕೆ ಬಿಗಿದ ರಾಟೆ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಬಲವನ್ನು ಹೆಚ್ಚಿಸುವುದಿಲ್ಲ. ಹಗ್ಗ ಪಾದದ ಬಳಿಯ ರಾಟೆಯನ್ನು ಸುತ್ತಿ ಹಿಂದಿರುಗುವ ಹ್ಯಾಮಿಲ್ಟನ್ ರಸೆಲ್ ಪದ್ಧತಿಯಲ್ಲಿ ಮಾತ್ರ ಮೂರು ಕೆ.ಜಿ. ತೂಕ ಹೆಚ್ಚುಕಡಿಮೆ ಆರು ಕೆ.ಜಿ.ಯಂತೆ ಎಳೆಯುತ್ತದೆ. ಪಕ್ಕದ ಮಂಚದವರಿಗೆ ಹೆಚ್ಚು ತೂಕ ಕಟ್ಟಿದ್ದಾರೆ, ನಮಗೆ ಕಡಿಮೆ ಎಂದು ಹೋಲಿಸುವುದು ಆದ್ದರಿಂದ ಸರಿಯಲ್ಲ.

ಎಳೆತಕ್ಕೆ ಎದುರು ಹಿಡಿತವೂ ಬೇಕು, ಇಲ್ಲದಿದ್ದರೆ ರೋಗಿಯೇ ಕಾಲಿನ ಕಡೆಗೆ ಜಾರಿಬಿಡುತ್ತಾರೆ. ಮಂಚದ ಕಾಲುತುದಿಯ ಕೆಳಗೆ ಮರದ ದಿಮ್ಮಿ ಇಟ್ಟು ಎತ್ತರಿಸುವುದು ಅದಕ್ಕಾಗಿ. ಆರೂವರೆ ಅಡಿ ಉದ್ದದ ಮಂಚವನ್ನು ಒಂಬತ್ತು ಅಂಗುಲ ಎತ್ತರಿಸಿದರೆ ಅರವತ್ತು ಕೆ.ಜಿ.ಯ ದೇಹ ತಲೆಯ ಕಡೆಗೆ ಸುಮಾರು 7 ಕೆ.ಜಿ. ಬಲದಿಂದ ಸರಿಯಲು ನೋಡುತ್ತದೆ. ನಾಲೆಯ ಏರಿಗೆ ಹಾಕಿದ ಲೆಕ್ಕವೇ ಇಲ್ಲಿಯೂ ನಡೆಯುವುದು. ತಲೆ ಕೆಳಗಾಯಿತೆಂದು ಮರುಕಗೊಂಡು ಆ ದಿಮ್ಮಿಗಳನ್ನು ತೆಗೆಯಬಾರದು, ಬೆನ್ನಿಗೆ ದಿಂಬುಗಳನ್ನು ಪೇರಿಸಿ ರೋಗಿಯನ್ನು ನೇರವಾಗಿ ಕೂರಿಸಲೂ ಬಾರದು. ಊಟಕ್ಕೆಂದೋ ಮಲವಿಸರ್ಜನೆಗೆಂದೋ ತೂಕವನ್ನು ಎತ್ತಿ ಹಿಡಿಯುವುದು ಅದಕ್ಕಿಂತ ದೊಡ್ಡ ತಪ್ಪು: ಆ ಕ್ಷಣದಲ್ಲೇ ಸ್ನಾಯುಗಳು ಸೆಟೆದು ಮೂಳೆಯ ತುದಿಗಳು ಮತ್ತೆ ಸರಿಯುತ್ತವೆ. ಎರಡು ವರ್ಷದೊಳಗಿನ ಮಕ್ಕಳ ಎರಡೂ ಕಾಲುಗಳನ್ನು ಮೇಲಕ್ಕೆ ತೂಗುಹಾಕುವ ಬಗೆಯಲ್ಲಿ ಮಗುವಿನ ಕುಂಡಿ ಹಾಸಿಗೆಯಿಂದ ಅಂಗೈ ತೂರುವಷ್ಟು ಎದ್ದಿರಬೇಕು. ಮಗುವಿನ ದೇಹದ ಭಾರವೇ ಅಲ್ಲಿ ಎದುರು ಹಿಡಿತ.

ಜೊತೆಯಲ್ಲಿರುವವರು ಹಗಲಲ್ಲೂ ರಾತ್ರಿಯಲ್ಲೂ ನೋಡಬೇಕಾದದ್ದು ಬೆರಳುಗಳನ್ನು. ಕಾಲ್ಬೆರಳಿನ ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು, ಬೆರಳು ಬೆಚ್ಚಗಿರಬೇಕು. ಹೆಬ್ಬೆರಳನ್ನೂ ಪಾದವನ್ನೂ ಮೂಗಿನ ಕಡೆಗೆ ಎತ್ತಲು ಹೇಳಿ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಚರ್ಮವನ್ನು ಮುಟ್ಟಿ ಸ್ಪರ್ಶ ತಿಳಿಯುತ್ತದೆಯೇ ಕೇಳಿ. ಮೊಣಕಾಲಿನ ಹೊರಪಕ್ಕದಲ್ಲಿ, ತುಸು ಕೆಳಗೆ ಕೈಗೆ ಸಿಗುವ ಮೂಳೆಯ ಗುಬ್ಬಿನ ಹಿಂದೆ ಹಾಯುವ ನರ ಪಟ್ಟಿಯ ಒತ್ತಡಕ್ಕೆ ಬಹುಬೇಗ ಸೋಲುತ್ತದೆ, ಸೋತರೆ ಪಾದ ಜೋತುಬೀಳುತ್ತದೆ. ಬೆರಳು ತಣ್ಣಗಾದರೆ, ಮರಗಟ್ಟಿದರೆ, ಬೆರಳನ್ನು ಬೇರೆಯವರು ಅಲುಗಿಸಿದಾಗ ಮೀನಖಂಡದಲ್ಲಿ ತಡೆಯಲಾರದ ನೋವು ಬಂದರೆ ಬೆಳಗಿನ ರೌಂಡ್ಸಿಗೆ ಕಾಯದೆ ಆಗಲೇ ನರ್ಸನ್ನು ಕರೆಯಬೇಕು. ಪಿನ್ ಹಾಕಿದ ಕಡೆ ಕೆಂಪು, ಕೀವು, ವಾಸನೆ ಕಂಡರೂ ಹಾಗೆಯೇ. ಅರಿಶಿನವಾಗಲಿ ಎಣ್ಣೆಯಾಗಲಿ ಅಲ್ಲಿಗೆ ಹಚ್ಚಬೇಡಿ. ಹಿಮ್ಮಡಿ ಮತ್ತು ಬೆನ್ನಿನ ಕೆಳಭಾಗದ ಚರ್ಮವನ್ನು ದಿನವೂ ನೋಡುವುದು, ಇನ್ನೊಂದು ಕಾಲನ್ನು ಆಡಿಸುವುದು, ದೀರ್ಘವಾಗಿ ಉಸಿರೆಳೆಯಿಸುವುದು, ನೀರನ್ನೂ ಸೊಪ್ಪು ಹಣ್ಣನ್ನೂ ಸಾಕಷ್ಟು ಕೊಡುವುದು ಹಾಸಿಗೆ ಹುಣ್ಣು, ರಕ್ತ ಹೆಪ್ಪುಗಟ್ಟುವಿಕೆ, ಕಫ, ಮಲಬದ್ಧತೆಗಳನ್ನು ದೂರವಿಡುತ್ತದೆ.

ಸೊಂಟ ಮತ್ತು ಕತ್ತಿನ ಎಳೆತ

ಸೊಂಟನೋವಿಗೆ ಮಲಗಿಸಿ ತೂಕ ಕಟ್ಟುವ ಚಿಕಿತ್ಸೆಗೆ ಇದೇ ಘರ್ಷಣೆಯ ಲೆಕ್ಕ ಹಾಕಿ ನೋಡಿ. ದೇಹದ ತೂಕದ ಸುಮಾರು ಅರ್ಧ ಸೊಂಟದಿಂದ ಕೆಳಗಿರುತ್ತದೆ. ಸಾಧಾರಣ ಹಾಸಿಗೆಯ ಮೇಲೆ ಅದರ ಘರ್ಷಣೆಯನ್ನು ಗೆಲ್ಲುವುದಕ್ಕೇ ದೇಹತೂಕದ ಕಾಲು ಭಾಗ, ಅಂದರೆ ಅರವತ್ತು ಕೆ.ಜಿ.ಯವರಿಗೆ 15 ಕೆ.ಜಿ., ಖರ್ಚಾಗುತ್ತದೆ. ಅದಕ್ಕಿಂತ ಕಡಿಮೆ ಕಟ್ಟಿದಾಗ ಬೆನ್ನೆಲುಬಿಗೆ ಎಳೆತ ಅಷ್ಟಾಗಿ ತಲುಪುವುದಿಲ್ಲ, ರೋಗಿಗೆ ಸಿಗುವುದು ಮುಖ್ಯವಾಗಿ ವಿಶ್ರಾಂತಿ. ಫಿಸಿಯೋಥೆರಪಿ ವಿಭಾಗಗಳಲ್ಲಿ ಎರಡು ಹೋಳಾಗಿ ಸರಿಯುವ ಮೇಜು ಬಳಸುವುದು ಈ ಘರ್ಷಣೆಯನ್ನು ತಪ್ಪಿಸಲು. ಹಾಗೆ ಎಳೆದರೂ ಸಾಮಾನ್ಯ ಸೊಂಟನೋವಿನಲ್ಲಿ ಎಳೆತದಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡುಬಂದಿಲ್ಲವಾದ್ದರಿಂದ, ಅದಕ್ಕಾಗಿ ವಾರಗಟ್ಟಲೆ ಮಲಗುವುದಕ್ಕಿಂತ ವೈದ್ಯರು ಹೇಳಿದ ವ್ಯಾಯಾಮ ಮತ್ತು ನಡಿಗೆ ಮೇಲು.

ಬಾಗಿಲಿಗೆ ತೂಗುಹಾಕಿ ಕತ್ತನ್ನು ಎಳೆಯುವ ಕಿಟ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ಸ್ವಂತ ತೀರ್ಮಾನದಿಂದ ಬಳಸಬಾರದು. ತಲೆಯೇ ನಾಲ್ಕೂವರೆ ಐದು ಕೆ.ಜಿ. ತೂಗುವುದರಿಂದ ಕೂತು ಎಳೆಸಿಕೊಳ್ಳುವಾಗ ಅಷ್ಟು ಭಾರ ತಲೆಯನ್ನು ಹೊರುವುದಕ್ಕೇ ಹೋಗುತ್ತದೆ, ಮಲಗಿದಾಗ ಹಾಗಾಗುವುದಿಲ್ಲ. ಒಂದು ಭಂಗಿಗೆ ಹೇಳಿದ ತೂಕವನ್ನು ಇನ್ನೊಂದರಲ್ಲಿ ಬಳಸುವಂತಿಲ್ಲ. ರುಮಟಾಯ್ಡ್ ಬಗೆಯ ಸಂಧಿವಾತ ಇರುವವರು, ಮೂಳೆ ಟೊಳ್ಳಾದವರು (ಆಸ್ಟಿಯೋಪೊರೋಸಿಸ್), ಕತ್ತಿಗೆ ಇತ್ತೀಚೆಗೆ ಪೆಟ್ಟು ಬಿದ್ದವರು, ಬೆನ್ನೆಲುಬಿನ ಗೆಡ್ಡೆ ಅಥವಾ ಸೋಂಕು ಇರುವವರು ಕತ್ತಿನ ಎಳೆತವನ್ನು ತೆಗೆದುಕೊಳ್ಳಬಾರದು. ಉಳಿದವರೂ ಮೊದಲು ಫಿಸಿಯೋಥೆರಪಿಸ್ಟರ ಎದುರಿನಲ್ಲೇ ತೂಕ, ಕತ್ತಿನ ಬಾಗು, ಅವಧಿ ಮೂರನ್ನೂ ಗೊತ್ತುಮಾಡಿಕೊಂಡು, ಮನೆಯಲ್ಲಿ ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿರುವಂತೆ ನೋಡಿಕೊಳ್ಳಬೇಕು. ತಲೆಸುತ್ತು ಬಂದರೆ, ಕೈಯಲ್ಲಿ ಜೋಮು ಹೆಚ್ಚಿದರೆ, ಹಿಡಿದ ಲೋಟ ಜಾರುವಷ್ಟು ಕೈ ಸೋತರೆ ಅಥವಾ ನಡೆಯುವಾಗ ಕಾಲು ತಡವರಿಸಿದರೆ ತೂಕವನ್ನು ನಿಧಾನವಾಗಿ ಇಳಿಸಿ, ಪಟ್ಟಿ ಬಿಚ್ಚಿ, ಅದೇ ದಿನ ಮೂಳೆ ವೈದ್ಯರನ್ನು ಕಾಣಬೇಕು.